ಸ್ಟಾಫ್ ರೂಮಿನ ಬಾಗಿಲ ಮೇಲಿನ ಸ್ಕೋರು

ನಮ್ಮ ಸೋಷಿಯಲ್ ಮೇಷ್ಟ್ರು ತೀರಿಕೊಂಡರು ಅಂತ ಕಳೆದ ತಿಂಗಳು ಗೆಳೆಯನ ಫೋನ್ ಬಂತು. ಅವತ್ತಿನಿಂದ ಚಿಕ್ಕಮಗಳೂರಿನ ಆ ದಿನಗಳೇ ತಲೆಯಲ್ಲಿ ಓಡಾಡುತ್ತಿವೆ. ಅವರು ಮಾಡಿದ ಪಾಠ ಹೆಚ್ಚು ನೆನಪಿಲ್ಲ. ಪ್ರೇಯರ್ ಮುಗಿದ ಮೇಲೆ ಪೇಪರ್ ಓದುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಆಟದ ಪುಟ. ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡ ಮೇಲೆ ಮೆಲ್ಲಗೆ ಮುಖಪುಟಕ್ಕೆ ಬರುತ್ತಿದ್ದರು.

1974ರ ಮಾರ್ಚ್ ತಿಂಗಳು. ಬೆಂಗಳೂರಿನಲ್ಲಿ ರಣಜಿ ಸೆಮಿಫೈನಲ್, ಎದುರಿಗೆ ಬಾಂಬೆ. ಸತತ 15 ವರ್ಷ ಕಪ್ಪು ಬಿಟ್ಟುಕೊಡದ ತಂಡ ಅದು! ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು ನಮ್ಮ ಮೊತ್ತ 385ಕ್ಕೆ ಏರಿತ್ತು. ಪರೀಕ್ಷೆ ಹತ್ತಿರ ಅಂತ ನಮಗೆ ಸ್ಪೆಷಲ್ ಕ್ಲಾಸ್. ಕಾಫಿ ತೋಟದ ರೈಟರ ಮಗನೊಬ್ಬ ಅಪ್ಪನ ಟ್ರಾನ್ಸಿಸ್ಟರನ್ನು ಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಕೊನೇ ಬೆಂಚಿನಲ್ಲಿ ಅವನ ಕಿವಿ, ಅವನ ಮುಖದ ಮೇಲೆ ನಮ್ಮೆಲ್ಲರ ಕಣ್ಣು. ಪ್ರಸನ್ನ ಅವರು ಗಾವಸ್ಕರನ್ನು ಬೌಲ್ಡ್ ಮಾಡಿದಾಗ ಅವನು ಬೆಂಚಿನ ಮೇಲೇ ಎದ್ದು ನಿಂತ. ಇಡೀ ಕ್ಲಾಸ್ ಕಿರುಚಿತು.

ಮೇಷ್ಟ್ರು ಮಾತಾಡಲಿಲ್ಲ. ರೇಡಿಯೋ ಕಿತ್ತುಕೊಂಡು ಸ್ಟಾಫ್ ರೂಮಿಗೆ ಹೋದರು. ಕಥೆ ಮುಗೀತು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕಾಮೆಂಟರಿ ಕೇಳಿಸತೊಡಗಿತು! ವಾಡೇಕರ್ ಕಾಲು ಜಾರಿ ರನೌಟ್ ಆದಾಗ ಒಳಗಿದ್ದ ಮೇಷ್ಟ್ರುಗಳು ಹಾಕಿದ ಕೂಗು ನಮ್ಮದಕ್ಕಿಂತ ಜೋರಾಗಿತ್ತು. ಡ್ರಿಲ್ ಮೇಷ್ಟ್ರು ಆಗಾಗ ಹೊರಗೆ ಬಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಸ್ಕೋರು ಬರೆದು ಹೋಗುತ್ತಿದ್ದರು. ಬಾಂಬೆ 307ಕ್ಕೆ ಆಲೌಟ್. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಕಪ್ಪು ನಮ್ಮದಾಯಿತು. ಮೈಸೂರು ರಾಜ್ಯ ಕರ್ನಾಟಕವಾಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಹೊಸ ಹೆಸರಿಗೆ ಸಿಕ್ಕ ಮೊದಲ ಕಪ್ಪು ಇದು ಅಂತ ಹೇಳುವಾಗ ಮೇಷ್ಟ್ರ ಗಂಟಲು ಕಟ್ಟಿತ್ತು.

ಮರುವರ್ಷ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು. ಸಂಸತ್ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅಲ್ಲೇ ಬಂಧನಕ್ಕೊಳಗಾದರು. ಮೇಷ್ಟ್ರು ಆಟದ ಪುಟ ಮಾತ್ರ ಓದಿ ಪೇಪರ್ ಮಡಚಿಡತೊಡಗಿದರು. ಯಾಕೆ ಸಾರ್ ಅಂತ ಕೇಳಿದ್ದಕ್ಕೆ, "ಮುಖಪುಟದಲ್ಲಿ ಓದುವಂಥದ್ದು ಬಂದಾಗ ಓದ್ತೀನಿ ಕಣ್ರೋ" ಅಂದರು.

1978ರಲ್ಲಿ ನಮ್ಮ ಲೋಕಸಭಾ ಸದಸ್ಯ ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸೀಟು ಬಿಟ್ಟುಕೊಟ್ಟರು. ಇಂದಿರಾ ಗಾಂಧಿ ನಮ್ಮೂರಿಗೇ ಬಂದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲ್. ಎಲ್ಲಿ ನೋಡಿದರೂ ಜೀಪು, ಬಾವುಟ. ನಾನಾಗ ಡಿಗ್ರಿ ಸೇರಿದ್ದೆ, ಆದರೂ ಸಂಜೆ ಆಟಕ್ಕೆ ಹಳೇ ಸ್ಕೂಲಿನ ಮೈದಾನವೇ. ವಾಲಿಬಾಲ್ ಮುಗಿದ ಮೇಲೆ ಮೇಷ್ಟ್ರು ರೋಲರ್ ಮೇಲೆ ಕೂತು ಚರ್ಚೆ ಮಾಡಿಸುತ್ತಿದ್ದರು. ಇಂದಿರಾ ಕಡೆಯವನು ಪಾಟೀಲರ ಪರ ಮಾತಾಡಬೇಕು, ಪಾಟೀಲರ ಕಡೆಯವನು ಇಂದಿರಾ ಪರ. ಯಾರಾದರೂ ಬೈಗುಳಕ್ಕೆ ಇಳಿದರೆ ಡ್ರಿಲ್ ಮೇಷ್ಟ್ರು ವಿಷಲ್ ಊದುತ್ತಿದ್ದರು. ನಾನು ಪಾಟೀಲರ ಕಡೆ. ಆದರೂ ಇಂದಿರಾ ಪರ ಎಂಥ ವಾದ ಮಾಡಿದೆ ಅಂದರೆ, "ನೀನು ವಕೀಲನಾಗು" ಅಂದುಬಿಟ್ಟರು. ಆದೆ. ಎದುರು ಪಾರ್ಟಿಯ ಮಾತು ಪೂರ್ತಿ ಕೇಳಿಸಿಕೊಳ್ಳುವ ವಕೀಲ ಅಂತ ಕೋರ್ಟಿನಲ್ಲಿ ನನಗೆ ಹೆಸರಿದೆ. ಅದು ಆ ಮೈದಾನದಿಂದ ಬಂದದ್ದು.

ಇಂದಿರಾ 77,333 ಮತಗಳಿಂದ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನೇ ಹೊರಹಾಕಿತು. ತಾವು ಯಾರಿಗೆ ವೋಟು ಹಾಕಿದ್ದು ಅಂತ ಮೇಷ್ಟ್ರು ಕೊನೆವರೆಗೂ ಹೇಳಲಿಲ್ಲ.

ಈಗಿನ ಮಕ್ಕಳು ನಮಗಿಂತ ಬುದ್ಧಿವಂತರು, ಅದರಲ್ಲಿ ಅನುಮಾನವಿಲ್ಲ. ಆದರೆ ರಾಜಕೀಯ ಅಂದರೆ ಮನೆಯಲ್ಲೂ ಬೇಡ, ಸ್ಕೂಲಲ್ಲೂ ಬೇಡ. ಆಟಕ್ಕೂ ಕೋಚಿಂಗು, ಫೀಸು. ಸುಮ್ನೆ ಮೈದಾನದಲ್ಲಿ ಕೂತು ಜಗಳವಾಡದೆ ವಾದ ಮಾಡುವುದನ್ನು ಇವರು ಎಲ್ಲಿ ಕಲಿಯಬೇಕು, ಅಲ್ವಾ? ಹೆಡ್‌ಮಾಸ್ಟರರಿಗೆ ಹೇಳಿದ್ದೇನೆ: ದಿನಕ್ಕೆ ಎರಡು ಕನ್ನಡ ಪೇಪರಿನ ಖರ್ಚು ನನ್ನದು. ಪ್ರೇಯರ್ ಆದಮೇಲೆ ಮಕ್ಕಳೇ ಓದಲಿ, ಬೇಕಾದರೆ ಆಟದ ಪುಟದಿಂದಲೇ ಶುರು ಮಾಡಲಿ.