ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು

"ಟ್ಯಾಂಕ್ ತುಂಬಿದ್ದಾಗ ಎಲ್ಲರೂ ನೋಡ್ತಾರೆ ಮಾರಾಯ್ರೆ. ಖಾಲಿ ಆಗುವಾಗ ಯಾರು ನೋಡಿದ್ರು?"

ಮುಂಬೈಯ ಸಯನ್‌ನ ಗ್ಯಾರೇಜಿನ ಅಣ್ಣ ಮಾವನಿಗೆ ಕೇಳಿದ ಈ ಮಾತು ಭಾನುವಾರದಿಂದ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ.

ಮಾವನ ಹಳೇ ಪ್ಲಿಮತ್ ಕಾರು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಘಾಟ್ಕೋಪರ್ ಹತ್ತಿರ ನಿಂತುಬಿಟ್ಟಿತ್ತು. ಮಳೆ, ಪಕ್ಕದಲ್ಲೇ ಲಾರಿಗಳು. ಪೆಟ್ರೋಲ್ ಪೂರ್ತಿ ಮುಗಿದಿತ್ತು. ಮುಳ್ಳು ಮಾತ್ರ ಕಾಲು ಟ್ಯಾಂಕ್ ತೋರಿಸುತ್ತಿತ್ತು. ಈ ವಯಸ್ಸಲ್ಲಿ ಮಾವ ರಸ್ತೆ ಬದಿ ನೆನೆಯುತ್ತಾ ನಿಂತಿದ್ದರು ಅಂತ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಪ್ರೀಮಿಯರ್ ಕಂಪನಿಯವರು ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಜೋಡಿಸುತ್ತಿದ್ದ ಕಾಲದ ಕಾರು ಅದು. ಹುಟ್ಟಿನಿಂದ 6 ವೋಲ್ಟ್, ಅದೂ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ ಸೇರಿದ್ದು. ಇವನ್ನು ಮಾಡುತ್ತಿದ್ದ ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳು 12 ವೋಲ್ಟಿಗೆ ಬಂದಿದ್ದು 1956ರಲ್ಲಿ. ಮೊದಲು ಬೇರೆ ಒಬ್ಬ ಎಲೆಕ್ಟ್ರಿಷಿಯನ್ ಇದಕ್ಕೆ 12 ವೋಲ್ಟ್ ಬ್ಯಾಟರಿ, ಆಲ್ಟರ್ನೇಟರ್ ಹಾಕಿ, ನೆಗೆಟಿವ್ ಅರ್ಥ್ ಮಾಡಿಕೊಟ್ಟಿದ್ದ. ಪೆಟ್ರೋಲ್ ಗೇಜ್ ಸುಡಬಾರದು ಅಂತ ಅದರ ದಾರಿಯಲ್ಲಿ ವೋಲ್ಟೇಜ್ ಇಳಿಸೋಕೆ ಒಂದು ರೆಸಿಸ್ಟರ್ ಇಟ್ಟ. ಟ್ಯಾಂಕ್ ತುಂಬಿಸಿದ. ಮುಳ್ಳು ಫುಲ್‌ಗೆ ಬಂತು. ದುಡ್ಡು ತೆಗೆದುಕೊಂಡು ಹೋದ.

ಎಡವಟ್ಟಾಗಿದ್ದು ಅಲ್ಲೇ. ರೆಸಿಸ್ಟರ್ ಎಷ್ಟು ವೋಲ್ಟ್ ಇಳಿಸುತ್ತದೆ ಅನ್ನೋದು ಅದರಲ್ಲಿ ಹರಿಯುವ ಕರೆಂಟಿನ ಮೇಲೆ ನಿಂತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇಳಿದ ಹಾಗೆ ಈ ಗೇಜಿನ ಕರೆಂಟೂ ಇಳಿಯುತ್ತದೆ. ಆಗ ರೆಸಿಸ್ಟರ್ ಇಳಿಸುವುದೂ ಕಡಿಮೆ. ಗೇಜಿಗೆ ಬೇಕಿದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುತ್ತದೆ, ಮುಳ್ಳು ಮೇಲೇ ನಿಲ್ಲುತ್ತದೆ. ತುಂಬಿದ್ದಾಗ ಸರಿ, ಖಾಲಿಯಾಗುತ್ತಾ ಬಂದ ಹಾಗೆ ತಪ್ಪು. ಗೇಜ್ ನಮಗೆ ಬೇಕಾಗೋದೇ ಆಗ, ಅಲ್ವಾ?

ಗ್ಯಾರೇಜಿನ ಅಣ್ಣ ಕಾರ್ಕಳದ ಕಡೆಯವರು. ಮಾತು ಕಮ್ಮಿ. ಡಿಜಿಟಲ್ ಮೀಟರ್ ಹಾಕಿಬಿಡಿ ಅಂತ ಮಾವ ಬೇಸರದಲ್ಲಿ ಹೇಳಿದಾಗ ಅವರು ಒಪ್ಪಲಿಲ್ಲ. "ಮುಳ್ಳಿನ ತಪ್ಪೇನುಂಟು? ಸುಳ್ಳು ಕಲಿಸಿದ್ದು ನಾವು" ಅಂದರು. ಲ್ಯಾಮಿಂಗ್ಟನ್ ರೋಡಿನಿಂದ ತಂದಿಟ್ಟುಕೊಂಡಿದ್ದ 7806 ತೆಗೆದರು. ಮೂರು ಕಾಲಿನ ಪುಟ್ಟ ರೆಗ್ಯುಲೇಟರ್. ಇಂಜಿನ್ ಓಡುವಾಗ 14 ವೋಲ್ಟ್ ಬರಲಿ, ನಿಂತಾಗ 12 ಬರಲಿ, ಅದು ಕೊಡೋದು 6 ಮಾತ್ರ. ಕರೆಂಟ್ ಏರಿದರೂ ಇಳಿದರೂ ಅಷ್ಟೇ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅದರ ಬೆನ್ನಿನ ಲೋಹ ಅರ್ಥ್‌ಗೆ ಸೇರಿದ್ದು. ಗಾಡಿ ಈಗ ನೆಗೆಟಿವ್ ಅರ್ಥ್ ಆದ್ದರಿಂದ ಡ್ಯಾಶ್‌ಬೋರ್ಡ್ ಹಿಂದಿನ ತಗಡಿಗೇ ಸ್ಕ್ರೂ ಹಾಕಿ ಕೂರಿಸಿದರು, ಬಿಸಿಯೂ ಅಲ್ಲಿಗೇ ಇಳಿಯಲಿ ಅಂತ. ಆಂಪಿಯರ್ ಮೀಟರ್ ಅಳೆಯೋದು ಕರೆಂಟನ್ನು, ವೋಲ್ಟೇಜನ್ನಲ್ಲ, ಹಾಗಾಗಿ ಅದಕ್ಕೆ ರೆಗ್ಯುಲೇಟರ್ ಬೇಡ. ಪ್ಲಸ್ ಮೈನಸ್ ತಿರುಗಿದ್ದಕ್ಕೆ ಅದರ ಎರಡು ವೈರ್ ಅದಲು ಬದಲು ಮಾಡಿದರು, ಅಷ್ಟೇ. ಈ ಗಾಡಿಯ ಆಯಿಲ್ ಪ್ರೆಶರ್, ಟೆಂಪರೇಚರ್ ಗೇಜ್‌ಗಳಿಗೆ ಕರೆಂಟೇ ಬೇಡ.

ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಟ್ಯಾಂಕಿನ ಫ್ಲೋಟ್ ಯೂನಿಟ್ ಹೊರಗೆ ತೆಗೆದು ಕೈಯಲ್ಲಿ ಹಿಡಿದರು. ಪೂರ್ತಿ ಮೇಲೆ, ಮಧ್ಯ, ಕೆಳಗೆ. ಪ್ರತಿ ಸಲ ನಿಧಾನವಾಗಿ ಕಾದರು. ನಾನು ಸೀಟಲ್ಲಿ ಕೂತು ಮುಳ್ಳು ಎಲ್ಲಿದೆ ಅಂತ ಕೂಗಿ ಹೇಳಬೇಕು. ಕೆಳಗಿನ ತುದಿಯನ್ನು ಇನ್ನೊಮ್ಮೆ ನೋಡಿದರು. ಈ ಊರಲ್ಲಿ ಇಷ್ಟು ತಾಳ್ಮೆಯಿಂದ ಕೆಲಸ ಮಾಡುವವರು ಸಿಗುವುದು ಕಷ್ಟ. ಅಂಥವರಿಗೆ ಕೇಳಿದಷ್ಟು ಕೊಡಬೇಕು, ಚೌಕಾಸಿ ಮಾಡಬಾರದು.

ಖಾಲಿ ಆಗುವಾಗ ಯಾರು ನೋಡಿದ್ರು? ಈ ವಾರ ಎಲ್ಲಿ ನೋಡಿದರೂ ಇದೇ ಪ್ರಶ್ನೆ. ನಮ್ಮ ಬಿಲ್ಡಿಂಗಿನ ಲಿಫ್ಟ್‌ಗೆ ಬ್ಯಾಟರಿ ಬ್ಯಾಕಪ್ ಇದೆ. ಕರೆಂಟ್ ಇರುವಾಗ ಹಸಿರು ದೀಪ ಉರಿಯುತ್ತದೆ, ಸರ್ವಿಸ್‌ನವನು ಅದನ್ನು ನೋಡಿ ಸಹಿ ಹಾಕಿ ಹೋಗುತ್ತಾನೆ. ಊರಲ್ಲಿ ಒಬ್ಬಳೇ ಇರುವ ಅಮ್ಮನಿಗೂ ನಾನು ಫೋನ್ ಮಾಡೋದು ಬೆಳಿಗ್ಗೆ. ಆಗ ಅವಳ ದನಿ ಗಟ್ಟಿಯಾಗಿರುತ್ತದೆ. ಸಂಜೆ ಹೊತ್ತು ಹೇಗಿರುತ್ತಾಳೆ?

ನಿನ್ನೆಯಿಂದ ಸಂಜೆಯೂ ಫೋನ್ ಮಾಡುತ್ತಿದ್ದೇನೆ. ಈ ಭಾನುವಾರ ಲಿಫ್ಟಿನ ಮೇನ್ ಸ್ವಿಚ್ ಆಫ್ ಮಾಡಿ ನೋಡೋಣ ಅಂತ ಸೊಸೈಟಿ ಸೆಕ್ರೆಟರಿಗೆ ಹೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.