ಅನುಬಿಸ್‌ಗೆ ಬೇರೆ ಕೆಲಸ ಇತ್ತು

ಸೋಮವಾರಪೇಟೆಯಲ್ಲಿ ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ, ಮೊಬೈಲ್ ಶುರು. ಚಿಕ್ಕಪ್ಪನ ಮಗ ತೋರಿಸಿದ್ದು ಈಜಿಪ್ಟ್ ದೇವರುಗಳ ಸ್ಲಾಟ್ ಆಟ, ಅಂದರೆ ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಅದೃಷ್ಟದ ಆಟ. ಸುಮ್ನೆ ಡೆಮೊ, ದುಡ್ಡಿಲ್ಲ. (ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.)

ನರಿಮುಖದ ಅನುಬಿಸ್ ಸಾಲಾಗಿ ಬಂದರೆ ಚಿನ್ನದ ನಾಣ್ಯ ಸುರಿಯುತ್ತದೆ. ಪಾಪ, ಅವನ ಕೆಲಸವೇ ಬೇರೆ ಅಲ್ವಾ? ಸತ್ತವರ ಹೃದಯವನ್ನು ಮಾತ್ ದೇವತೆಯ ಗರಿಯ ಎದುರು ತೂಗುವುದು. ಹೃದಯ ಭಾರವಾದರೆ ಅಮ್ಮಿತ್ ನುಂಗುತ್ತಾಳೆ. ಮೊಸಳೆ ತಲೆ, ಸಿಂಹದ ಮೈ, ಹಿಂಭಾಗ ನೀರಾನೆಯದು. ಅಷ್ಟು ಚೆಂದದ ಪಾತ್ರವನ್ನೇ ಆಟದಲ್ಲಿ ಬಿಟ್ಟಿದ್ದಾರೆ!

“ಅಣ್ಣಾ, ಇಷ್ಟೊತ್ತು ಬಂದಿಲ್ಲ, ಇನ್ನೇನು ಬರುತ್ತೆ” ಅಂದ. ಬರಬೇಕಂತಿಲ್ಲ ಮಾರಾಯ. ಪ್ರತಿ ಸುತ್ತಿಗೂ ಸಾಫ್ಟ್‌ವೇರ್ ಹೊಸ ಸಂಖ್ಯೆ ಎತ್ತುತ್ತದೆ, ಹಿಂದಿನ ಸುತ್ತಿನ ನೆನಪು ಅದಕ್ಕಿಲ್ಲ. ಕಟ್ಟಿದ ದುಡ್ಡಿನಲ್ಲಿ ಇಷ್ಟು ಮರಳುತ್ತೆ ಅಂತ ಇಂಥ ಎಷ್ಟೋ ಆಟಗಳು ಹೇಳುವ ‘ಶೇ 96 ವಾಪಸ್’ ಕೂಡ ಲಕ್ಷಾಂತರ ಸುತ್ತುಗಳ ಸರಾಸರಿ, ನಿನ್ನ ಇವತ್ತಿನ ಸಂಜೆಯ ಲೆಕ್ಕ ಅಲ್ಲ.