ಸುಗ್ಗಿ ಹಬ್ಬ, ಗುಳೆ ಮತ್ತು ರೂತಳು

ಸುಗ್ಗಿ ಹಬ್ಬದ ಭಾನುವಾರ ನಮ್ಮ ಸಿಂಧನೂರು ಕಡೆ ಚರ್ಚಿನಲ್ಲಿ ಪೀಠದ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಭತ್ತದ ಚೀಲ, ಜೋಳದ ತೆನೆ, ತೊಗರಿ, ಹತ್ತಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಒಂದೇ ಕುಂಬಳಕಾಯಿ ಎರಡು ಮೂರು ಸಲ ಹರಾಜಾಗುತ್ತದೆ. ಕೊಂಡವರೇ ಅದನ್ನು ಮತ್ತೆ ದೇವರಿಗೆ ಅಂತ ವಾಪಸ್ ಇಡುತ್ತಾರೆ. ಆ ಹೊತ್ತಿನ ಖುಷಿಯೇ ಬೇರೆ.

ಆದರೆ ಎಲ್ಲರ ಮನೆಯ ಸುಗ್ಗಿಯೂ ಒಂದೇ ಥರ ಇರುವುದಿಲ್ಲ ಅಲ್ವಾ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಚೆನ್ನಾಗಿ ಸಿಕ್ಕವರು ಚೀಲಗಟ್ಟಲೆ ಭತ್ತ ತರುತ್ತಾರೆ. ಕಾಲುವೆಯ ಕೊನೆ ಭಾಗದವರಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಲವೇ ಇಲ್ಲದವರು ದುಡಿಮೆ ಹುಡುಕಿಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಒಮ್ಮೆ ಹಬ್ಬದ ದಿನ ವಯಸ್ಸಾದ ಒಬ್ಬ ಹೆಣ್ಣುಮಗಳು ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದು ಬಾಗಿಲಲ್ಲೇ ನಿಂತಿದ್ದರು. ಒಂದು ಸೇರೂ ಇರಲಿಕ್ಕಿಲ್ಲ. ಬೇರೆಯವರ ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಲಾದ ಮೇಲೆ ಉಳಿದ ತೆನೆ, ಆಯ್ದದ್ದು. "ಯಾಕ ನಿಂತಿ ಯವ್ವಾ, ಮುಂದ ಬಾ, ನಿಂದೂ ಇಡು" ಅಂತ ಸಭೆಯ ಹಿರಿಯರೊಬ್ಬರು ಕರೆದರು. ಅವರು ಸೆರಗಿನ ಗಂಟು ಬಿಚ್ಚಿ, ಒಂದು ಕಾಳೂ ಚೆಲ್ಲದ ಹಾಗೆ ಭತ್ತದ ಚೀಲಗಳ ನಡುವೆ ಸುರಿದರು.

ದೇವಜನ, ಅಂದರೆ ದೇವರು ತನ್ನವರೆಂದು ಎಣಿಸಿದ ಜನ, ಯಾರು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಬೈಬಲಿನ ರೂತಳೇ. ಅವಳ ಕಥೆ ಶುರುವಾಗುವುದೇ ಗುಳೆಯಿಂದ. ಬೇತ್ಲೆಹೇಮಿನಲ್ಲಿ ಬರ ಬಿತ್ತು. ನೊವೊಮಿ ಗಂಡ ಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಹೊಟ್ಟೆಪಾಡಿಗೆ ಹೋದಳು. ಅಲ್ಲಿ ಗಂಡನೂ ಹೋದ, ಇಬ್ಬರು ಗಂಡುಮಕ್ಕಳೂ ಹೋದರು. ತುಂಬಿದ ಮನೆಯಾಗಿ ಹೋದವಳು ಬರಿಗೈಯಲ್ಲಿ ವಾಪಸ್ ಬಂದಳು. ಜೊತೆಗೆ ಬಂದದ್ದು ಮೋವಾಬಿನ ಸೊಸೆ ರೂತಳು ಮಾತ್ರ. "ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು" ಅಂದವಳು ಅವಳು. ಅವರು ಊರು ಸೇರಿದಾಗ ಜವೆಗೋಧಿಯ ಸುಗ್ಗಿ ಶುರುವಾಗಿತ್ತು. ರೂತಳು ಹಕ್ಕಲು ಆಯಲು ಹೋದಳು.

ಮೋವಾಬ್ಯರು ಹತ್ತು ತಲೆಮಾರು ಕಳೆದರೂ ಯೆಹೋವನ ಸಭೆಗೆ ಸೇರಬಾರದು ಎಂದು ಬೈಬಲಿನ ಧರ್ಮೋಪದೇಶಕಾಂಡ 23ನೇ ಅಧ್ಯಾಯದಲ್ಲಿ ಬರೆದಿದೆ. ಅಂಥ ಜನದ ಹೆಣ್ಣುಮಗಳು ಅರಸ ದಾವೀದನ ಅಜ್ಜನ ತಾಯಿಯಾದಳು. ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗ ಅವಳ ಹೆಸರನ್ನು ಬಿಡಲಿಲ್ಲ. ರಕ್ತ, ಕುಲ, ಹುಟ್ಟಿದ ಊರು ಯಾವುದನ್ನೂ ನೋಡದೆ ದೇವರು ಅವಳನ್ನು ತನ್ನವಳೆಂದು ಎಣಿಸಿದ. ಇಸ್ರಾಯೇಲರಿಗೂ ಮೋಶೆ ಹೇಳಿದ್ದು ಅದನ್ನೇ: ನೀವು ದೊಡ್ಡ ಜನವೆಂದು ಆತ ಆರಿಸಿಕೊಳ್ಳಲಿಲ್ಲ, ನೀವು ಎಲ್ಲರಿಗಿಂತ ಚಿಕ್ಕವರಿದ್ದಿರಿ, ಪ್ರೀತಿಸಿದ, ಅಷ್ಟೇ.

ಈ ಮಾತು ನಮ್ಮ ಸೀಮೆಯಲ್ಲಿ ಎಷ್ಟು ಜನರ ಎದೆಗೆ ನಾಟಿದೆ ಎಂದು ಹೇಳಿದರೆ ಮುಗಿಯದು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಮುಂದೆ ಅದನ್ನು ಓದಿಸಿ ಕೇಳಿದವರಲ್ಲಿ ಊರ ಹೊರಗಿನ ಕೇರಿಯವರು ಎಷ್ಟೋ ಜನ. ಊರಿನ ಕೆಲಸಕ್ಕೆಲ್ಲ ಬೇಕು, ಆದರೆ ಊರಿನ ಬಾವಿಗೆ ಬರಬಾರದು ಎನ್ನಿಸಿಕೊಂಡವರು. ಮೊದಲು ನೀವು ಜನವೇ ಆಗಿರಲಿಲ್ಲ, ಈಗ ದೇವರ ಜನ ಎಂದು ಯೇಸುವಿನ ಶಿಷ್ಯ ಪೇತ್ರ ಬರೆದದ್ದನ್ನು ಅವರು ಕೇಳಿದಾಗ ಹೇಗಾಗಿರಬೇಡ! ಅದು ಯಾರದೋ ಕಥೆ ಅನಿಸಿರಲಿಕ್ಕಿಲ್ಲ.

ಅದಕ್ಕೇ ಸಭೆಯೊಳಗೆ ಮತ್ತೆ ಮೇಲು ಕೀಳು ಬಂದರೆ ನನಗೆ ತಡೆಯಲಾಗುವುದಿಲ್ಲ. ಹಿಂದೆ ಕೊರಿಂಥ ಪಟ್ಟಣದ ಸಭೆಯಲ್ಲೂ ಹಾಗೇ ಆಗಿತ್ತು. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿನ ಊಟಕ್ಕೆ, ಕೂಡಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಕೂರುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ದೇವರ ಸಭೆಯನ್ನೇ ತಾತ್ಸಾರ ಮಾಡುತ್ತೀರಾ ಎಂದು ಅಪೊಸ್ತಲ ಪೌಲ ಗದರಿಸಿದ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಯಾಜಕಕಾಂಡ ಹೇಳುತ್ತದೆ. ರೂತಳು ಹಕ್ಕಲು ಆಯ್ದ ಹೊಲದ ಒಡೆಯ ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಿವುಡಿನಿಂದ ಬೇಕಂತಲೇ ತೆನೆ ಎಳೆದು ಬಿಡಿ, ಅವಳನ್ನು ಬೈಯಬೇಡಿ ಎಂದು ಆಳುಗಳಿಗೆ ಹೇಳಿದ. ಕೊಡುವುದರ ಜೊತೆ ಅವಳ ಮಾನವನ್ನೂ ಕಾಯ್ದ. ಅವನು ಬೈಯಬೇಡಿ ಅಂದದ್ದೇ ನನಗೆ ಜಾಸ್ತಿ ಇಷ್ಟ.

ಗುಳೆ ಹೋದವರ ಮನೆಗಳಿಗೆ ಬೀಗ ಬಿದ್ದಿದೆ. ಅವರ ವರ್ಷದ ಚಂದಾ ಬಾಕಿ ಇರಬಹುದು. ಆದರೆ ಅವರ ಹೆಸರು ಸಭೆಯ ಪಟ್ಟಿಯಲ್ಲಿ ಹಾಗೇ ಇರಬೇಕು. ಈ ಸಲ ಹಬ್ಬಕ್ಕೆ ಮುಂಚೆ ಎಲ್ಲರಿಗೂ ಫೋನ್ ಮಾಡೋಣ ಎಂದು ಸ್ತ್ರೀಯರ ಕೂಟದಲ್ಲಿ ಹೇಳಿದ್ದೇನೆ. ಬರಲು ಆಗದವರ ಪರವಾಗಿ ಒಂದೊಂದು ಬುಟ್ಟಿ ಪೀಠದ ಮುಂದೆ ಇಡುತ್ತೇವೆ, ಕಾಣಿಕೆ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳುತ್ತೇವೆ.